ಬೆಳಗಿನ ಮೊದಲ ಸ್ಟಾರ್ಟು

ಗಾಡಿ ಸ್ಟಾರ್ಟ್ ಆಗುವುದಿಲ್ಲ ಎಂದು ಬಂದವರಿಗೆ ನಾನು ಕೇಳುತ್ತಿದ್ದುದು ಮೂರೇ ಮಾತು. ಯಾವಾಗಿನಿಂದ ಹೀಗೆ? ಬೆಳಿಗ್ಗೆ ಮಾತ್ರವೋ, ದಿನವೆಲ್ಲವೋ? ಅದಕ್ಕೆ ಮುಂಚೆ ಏನಾದರೂ ಬದಲಾಯಿತೋ? ಈ ಮೂರಕ್ಕೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಆದರೆ ಸರಿಯಾದ ಉತ್ತರ ಯಾವ ಪುಣ್ಯಾತ್ಮ ಕೊಡುತ್ತಾನೆ? ಡ್ರೈವರ್ ಮಾಲೀಕನಿಗೆ ಹೆದರಿ ಸುಳ್ಳು ಹೇಳುತ್ತಾನೆ, ಮಾಲೀಕ ತನಗೆ ಎಲ್ಲ ಗೊತ್ತೆಂಬ ಸೊಕ್ಕಿನಲ್ಲಿ ಸುಳ್ಳು ಹೇಳುತ್ತಾನೆ. ಅದಕ್ಕೇ ನನಗೆ ಸಿಟ್ಟು ಬೇಗ ಬರುತ್ತಿತ್ತು. ನನ್ನ ಗ್ಯಾರೇಜಿನ ಬೋರ್ಡನ್ನು ಓದಿದವರಿಗಿಂತ ನನ್ನ ಬೈಗುಳ ಕೇಳಿದವರೇ ಧಾರಾವಿಯಲ್ಲಿ ಹೆಚ್ಚು ಇದ್ದರು.

ಗ್ಯಾರೇಜೆಂದರೆ ದೊಡ್ಡದೇನಲ್ಲ. ಚರ್ಮದ ಗೋದಾಮುಗಳ ಸಾಲಿನ ಕೊನೆಯಲ್ಲಿ ಒಂದು ತಗಡಿನ ಶೆಡ್ಡು, ಗಾಡಿಯ ಕೆಳಗಿಳಿದು ಕೆಲಸ ಮಾಡಲು ಒಂದು ಗುಂಡಿ, ಒಂದು ಕೆಲಸದ ಮೇಜು. ಬಿಜಾಪುರದ ಕಡೆಯಿಂದ ಬಂದ ನಾನು ಮೊದಲು ವಿಕ್ರೋಳಿಯಲ್ಲಿ ಲಾರಿಗಳ ಡೀಸೆಲ್ ಪಂಪು ರಿಪೇರಿ ಮಾಡುವ ಕಡೆ ಕೆಲಸ ಕಲಿತವನು. ಆ ಕಾಲದಲ್ಲಿ ಮುಂಬಯಿಯ ಕಾರುಗಳೆಲ್ಲ ಕಾರ್ಬ್ಯುರೇಟರಿನವು. ಪಂಪು ಒತ್ತಿ, ನಾಜಲ್‌ಗಳಿಂದ ಇಂಧನ ಸಿಂಪಡಿಸುವ ಕಾರು ಎಲ್ಲೋ ಒಂದು. ಅಂಥದ್ದು ಕೆಟ್ಟರೆ ಕಾರಿನ ಮೇಸ್ತ್ರಿಗಳು ಕೈ ಚೆಲ್ಲಿ, "ಲಾರಿಯವನ ಹತ್ತಿರ ಒಯ್ಯಿರಿ" ಎಂದು ನನ್ನತ್ತ ಅಟ್ಟುತ್ತಿದ್ದರು.

ಹಾಗೆ ಬಂದದ್ದು ಆ ಹಳೆಯ ವಿಲಾಯತಿ ಡೀಸೆಲ್ ಕಾರು. ಬಂದದ್ದು ಎಪ್ಪತ್ತರ ದಶಕದ ನಡುವಿನ ಒಂದು ಚಳಿಗಾಲದಲ್ಲಿ. ಅದರ ಮಾಲೀಕ ಗೋರೆಗಾಂವಿನ ಸೇಠ್, ವಿಕ್ರೋಳಿಯಲ್ಲಿ ಅವನದೊಂದು ಸಣ್ಣ ಕಾರ್ಖಾನೆ. ಪೆಟ್ರೋಲಿನ ಬೆಲೆ ಏರಿದ ಮೇಲೆ ಎಲ್ಲರೂ ಅಳುತ್ತಿದ್ದಾಗ ಈ ಸೇಠ್ ತನ್ನ ಡೀಸೆಲ್ ಗಾಡಿಯಲ್ಲಿ ಕೂತು ನಗುತ್ತಿದ್ದನಂತೆ. ಗಾಡಿ ಓಡಿಸುತ್ತಿದ್ದವರು ನಮ್ಮ ಕಡೆಯ ಒಬ್ಬ ಹಿರಿಯರು. ನಾವೆಲ್ಲ ಅವರನ್ನು ಚಾಚಾ ಎಂದೇ ಕರೆಯುತ್ತಿದ್ದೆವು. ಮನೆಯಲ್ಲಿ ದಖ್ಖನಿ ಉರ್ದು, ನಮ್ಮ ಜೊತೆ ನಮ್ಮಂಥದೇ ಕನ್ನಡ. ಸೇಠನ ಬಂಗಲೆಯ ಹಿಂದಿನ ಖೋಲಿಯಲ್ಲಿ ಅವರ ಸಂಸಾರ. ಸಂಸಾರವೆಂದರೆ ಗಂಡ ಹೆಂಡಿರಷ್ಟೇ, ಮಕ್ಕಳಾಗಿರಲಿಲ್ಲ. ಆ ವರ್ಷ ಮಳೆಗಾಲ ಮುಗಿಯುವಾಗ ಚಾಚಿ ಹೊಟ್ಟೆನೋವೆಂದು ಮಲಗಿದವರು ಏಳಲೇ ಇಲ್ಲ. ಮಣ್ಣಿಗೆ ನಾನೂ ಹೋಗಿದ್ದೆ. ಅಂದು ಚಾಚಾ ಅಳಲಿಲ್ಲ. ಬೂಟು ಎಲ್ಲಿಟ್ಟೆ ಎಂದು ಹುಡುಕುತ್ತ ಮಸೀದಿಯ ಬಾಗಿಲಲ್ಲಿ ತುಂಬ ಹೊತ್ತು ಬಗ್ಗಿ ನಿಂತಿದ್ದರು. ಬೂಟು ಅವರ ಕಾಲ ಬಳಿಯೇ ಇತ್ತು. ದುಃಖದಲ್ಲಿ ಮನುಷ್ಯನಿಗೆ ಏನೂ ತೋಚುವುದಿಲ್ಲ ಎಂದುಕೊಂಡು ನಾನೇ ಎತ್ತಿ ಕೊಟ್ಟೆ.

ಗಾಡಿ ತಂದಾಗ ನನ್ನ ಮೂರು ಮಾತು ಕೇಳಿದೆ.

"ದೀಪಾವಳಿ ಆದ ಮ್ಯಾಲಿಂದ ಹಿಂಗ ಮಾಡಾಕತ್ತೈತಿ ತಮ್ಮಾ. ಮುಂಜಾನೆ ಒಂದ್ಸಲ ಶುರು ಆತಂದ್ರ ಆತು, ದಿನಾ ಪೂರ್ತಿ ಏನೂ ತ್ರಾಸಿಲ್ಲ. ಮುಂಜಾನಿ ಮೊದಲನೇದ್ದಷ್ಟ. ಸೆಲ್ಫ್ ಹೊಡದು ಹೊಡದು ಬ್ಯಾಟರಿ ಸಾಯತೈತಿ. ಮಾಲಿ, ವಾಚ್‌ಮ್ಯಾನ್ ಕೂಡಿ ಧಕ್ಕಾ ಕೊಡಬೇಕು."

"ಅದಕ್ಕ ಮೊದಲ ಏನರೆ ಬದಲಾತೇನ್ರಿ? ಪ್ಲಗ್ ಹಾಕಿಸಿದ್ರ್ಯಾ, ಡೀಸೆಲ್ ಬ್ಯಾರೆ ಕಡೆ ತುಂಬಿಸಿದ್ರ್ಯಾ?"

"ಏನೂ ಬದಲಾಗಿಲ್ಲ" ಎಂದರು ಚಾಚಾ.

ಅವರ ಹೆಂಡತಿ ತೀರಿಕೊಂಡದ್ದು ನನಗೆ ಗೊತ್ತಿಲ್ಲದ ವಿಷಯವೇ? ಆದರೆ ಒಂದು ಹೆಣ್ಣುಜೀವ ಹೋದದ್ದಕ್ಕೂ ಇಂಜಿನ್ನಿಗೂ ಏನು ಸಂಬಂಧ ಎಂದು ಯಾವ ಮೇಸ್ತ್ರಿ ಯೋಚಿಸುತ್ತಾನೆ? ನಾನೂ ಯೋಚಿಸಲಿಲ್ಲ.

ಡೀಸೆಲ್ ಇಂಜಿನ್ನಿಗೆ ಕಿಡಿ ಇಲ್ಲ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ, ಅದರೊಳಗೆ ಎಣ್ಣೆ ಚಿಮ್ಮಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ತಣ್ಣಗಾದ ಇಂಜಿನ್ನಿಗೆ ಆ ಕಾವು ಸಾಲದು. ಅದಕ್ಕೆ ಪ್ರತಿ ಸಿಲಿಂಡರಿಗೂ ಒಂದು ಹೀಟರ್ ಪ್ಲಗ್ಗು. ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಗುಂಡಿ. ಅದನ್ನು ಅರ್ಧ ಎಳೆದು ಹಿಡಿದರೆ ಪ್ಲಗ್ಗುಗಳು ಕಾಯತೊಡಗುತ್ತವೆ. ಗುಂಡಿಯ ಪಕ್ಕದಲ್ಲೇ ಕಾಸಿನಗಲದ ಒಂದು ಜಾಲರಿ, ಅದರ ಹಿಂದೆ ತಂತಿಯ ಸುರುಳಿ. ಪ್ಲಗ್ಗು ಚೆನ್ನಾಗಿ ಕಾದಾಗ ಆ ತಂತಿಯೂ ಕೆಂಪಗೆ ಕಾಣುತ್ತದೆ. ಕೆಂಪಾಯಿತೆಂದರೆ ಗುಂಡಿಯನ್ನು ಪೂರ್ತಿ ಎಳೆಯಬೇಕು, ಇಂಜಿನ್ ಎದ್ದುಬಿಡುತ್ತದೆ. ಕೆಂಪಾಗುವ ಮೊದಲೇ ಎಳೆದರೆ ಬಿಳಿ ಹೊಗೆ ಉಗುಳಿ ಕೆಮ್ಮುತ್ತ ಕೂರುತ್ತದೆ.

ನಾನು ಮೊದಲು ಹಿಡಿದದ್ದು ಆ ಪ್ಲಗ್ಗುಗಳನ್ನೇ. ಒಂದು ಸುಟ್ಟರೂ ಎಲ್ಲವೂ ಕೆಲಸ ನಿಲ್ಲಿಸುವಂತೆ ಅವುಗಳ ವೈರಿಂಗು. ಒಂದೊಂದಾಗಿ ನೋಡಿದೆ, ಎಲ್ಲವೂ ನೆಟ್ಟಗಿದ್ದವು. ನಾಜಲ್ ಬಿಚ್ಚಿ ಕೈಪಂಪಿಗೆ ಹಾಕಿ ಸಿಂಪಡಿಸಿದೆ. ಒಂದು ತುಸು ಜೊಲ್ಲು ಸುರಿಸುತ್ತಿತ್ತು, ಅದನ್ನು ಉಜ್ಜಿ ಕೂರಿಸಿದೆ. ಪಂಪಿನ ಟೈಮಿಂಗ್ ಸರಿ ಇತ್ತು. ಕಂಪ್ರೆಶನ್ನು ಮುದುಕರ ಎದೆಯ ಹಾಗೆ, ಬಲವಿಲ್ಲ, ಆದರೆ ಕೆಲಸ ನಡೆಸುವಷ್ಟಿತ್ತು. ಬ್ಯಾಟರಿ ಹಳೆಯದು, ತಂತಿ ಕೆಂಪಾಗಲು ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಹಿಡಿದರೇನು, ಕಾದರೆ ಕೆಂಪಾಗುತ್ತಿತ್ತು. ಗಾಡಿಯನ್ನು ಶೆಡ್ಡಿನಲ್ಲೇ ಬಿಟ್ಟು ಮರುದಿನ ಬೆಳಿಗ್ಗೆ ನಾನೇ ಎಳೆದೆ. ಒಂದೇ ಏಟಿಗೆ ಎದ್ದಿತು. ಮತ್ತೂ ಒಂದು ದಿನ ಬಿಟ್ಟು ನೋಡಿದೆ. ಎದ್ದಿತು.

"ಚಾಚಾ, ತಂತಿ ಕೆಂಪಾಗೋ ತನಕಾ ಕಾಯತೀರಿ ಹೌದಲ್ರಿ?"

"ಅಯ್ಯ ಮಾರಾಯಾ, ಈ ಗಾಡಿ ಹೊಸಾದಿದ್ದಾಗಿಂದ ಹೊಡ್ಯಾಕತ್ತೀನಿ. ನನಗ ಕಲಸತೀ ಏನು? ಕಾಯತೀನಿ" ಎಂದು ನಕ್ಕರು.

ಗಾಡಿ ಒಯ್ದರು. ವಾರ ತುಂಬುವುದರೊಳಗೆ ಮತ್ತೆ ಬಂದರು. ಈ ಸಲ ಮುಖ ಬಾಡಿತ್ತು. ಧಕ್ಕಾ ಕೊಡುವಾಗ ಮಾಲಿಯ ಕಾಲು ಉಳುಕಿ, ಬಂಗಲೆಯಲ್ಲಿ ದೊಡ್ಡ ರಂಪವಾಗಿತ್ತಂತೆ. ಅಕ್ಕಪಕ್ಕದವರು ಗೇಟಿನಲ್ಲಿ ನಿಂತು ತಮಾಷೆ ನೋಡಿ ನಗುತ್ತಿದ್ದರಂತೆ. ಸೇಠ್ ಹೇಳಿಬಿಟ್ಟಿದ್ದ: ಇನ್ನೊಂದು ಸಲ ನೋಡುತ್ತೇನೆ, ಆಗದಿದ್ದರೆ ಇದನ್ನು ಗುಜರಿಗೆ ಹಾಕಿ ಪಾಲುದಾರನ ಗಾಡಿಯಲ್ಲಿ ಕಾರ್ಖಾನೆಗೆ ಹೋಗುತ್ತೇನೆ.

"ತಮ್ಮಾ, ಗಾಡಿ ಹೋತಂದ್ರ ಡ್ರೈವರ್ ಯಾಕ ಬೇಕು? ಡ್ರೈವರ್ ಬ್ಯಾಡಂದ್ರ ಖೋಲಿ ಯಾಕ ಕೊಡತಾರ? ಊರಾಗ ನನ್ನವರಂತ ಯಾರೂ ಉಳದಿಲ್ಲ. ಆಕಿ ಅರಿವಿ ಸೈತ ಇನ್ನೂ ಆ ಖೋಲ್ಯಾಗ ಗೂಟಕ್ಕ ತೂಗಬಿದ್ದಾವು. ನೀ ಹ್ಯಾಂಗರೆ ಮಾಡು. ಇದು ಮುಟ್ಟಿದರ ಶುರು ಆಗಬೇಕು, ಹಂಗ ಮಾಡು."

ಆ ಮಾತು ಕೇಳಿ ನನಗೆ ಸಿಟ್ಟು ಬಂತು, ಗಾಡಿಯ ಮೇಲೆ. ಚಾಚಾನ ಅನ್ನ ಕಸಿಯಲು ಹೊರಟ ಕಬ್ಬಿಣವನ್ನು ಎರಡು ಒದೆಯಬೇಕೆನಿಸಿತು.

ಆಗ ತಲೆಗೆ ಬಂದದ್ದು ಬಂಗಲೆಯ ಇಳಿಜಾರು. ಗಾಡಿ ರಾತ್ರಿ ಅಲ್ಲಿ ಮೂತಿ ಮೇಲೆ ಮಾಡಿ ನಿಲ್ಲುತ್ತದೆ. ಪೈಪಿನಲ್ಲಿ ಎಲ್ಲಾದರೂ ಕೂದಲೆಳೆಯಷ್ಟು ಸಂದಿದ್ದರೆ ಎಣ್ಣೆ ಹಿಂದಕ್ಕೆ ಟಾಕಿಗಿಳಿದು ಪಂಪು ಗಾಳಿ ಕುಡಿದಿರುತ್ತದೆ. ಗಾಳಿ ಕುಡಿದ ಪಂಪು ಬೆಳಿಗ್ಗೆ ಏನು ಚಿಮ್ಮಿಸೀತು? ನನ್ನ ಶೆಡ್ಡಿನ ನೆಲ ಸಪಾಟು, ಅದಕ್ಕೇ ಇಲ್ಲಿ ಏಳುತ್ತದೆ, ಅಲ್ಲಿ ಏಳುವುದಿಲ್ಲ. ಸಿಕ್ಕಿತು ಕಳ್ಳ ಎಂದು ತೊಡೆ ತಟ್ಟಿಕೊಂಡೆ. ರಬ್ಬರ್ ಪೈಪು, ವಾಷರು, ಪಂಪಿನ ವಾಲ್ವು ಎಲ್ಲ ಬದಲಿಸಿದೆ. ಜಾಕಿಯಿಂದ ಮೂತಿ ಎತ್ತಿ ರಾತ್ರಿಯೆಲ್ಲ ಹಾಗೆಯೇ ನಿಲ್ಲಿಸಿದೆ. ಬೆಳಿಗ್ಗೆ ಎಳೆದೆ, ಎದ್ದಿತು. ಚಾಚಾ ನನ್ನ ಗಲ್ಲ ಹಿಡಿದು ದುಆ ಕೊಟ್ಟು ಹೋದರು.

ಮರುದಿನವೇ ಪಕ್ಕದ ಅಂಗಡಿಗೆ ಫೋನು ಬಂತು. ಮತ್ತೆ ಅದೇ ಕಥೆ. ನಾನು ಫೋನಿನಲ್ಲೇ ಬಾಯಿಗೆ ಬಂದಂತೆ ಬೈದೆ, ಯಾರನ್ನು ಬೈದೆನೋ ನನಗೇ ಗೊತ್ತಿಲ್ಲ. ಕೊನೆಗೆ ಹೇಳಿದೆ: "ಏನೂ ಮಾಡಬ್ಯಾಡ್ರಿ. ನಾಳೆ ಮುಂಜಾನೆ ನಾನ ಬರತೀನಿ. ನೀವು ದಿನಾ ಹ್ಯಾಂಗ ಮಾಡತೀರಿ ಹಂಗ ಮಾಡ್ರಿ, ನಾ ನೋಡತೀನಿ."

ಬೆಳಗಿನ ಲೋಕಲ್ ಹಿಡಿದು ಗೋರೆಗಾಂವಿನಲ್ಲಿ ಇಳಿದಾಗ ಮುಂಬಯಿಗೆ ಅಪರೂಪವಾದ ಚಳಿ. ಸ್ವೆಟರ್ ಇಲ್ಲದ ಊರಿನಲ್ಲಿ ಜನ ಟವೆಲ್ ಸುತ್ತಿಕೊಂಡು ನಡೆಯುತ್ತಿದ್ದರು. ಬಂಗಲೆಯ ಹಿಂದೆ ಗಾಡಿ ಮೂತಿ ಮೇಲೆ ಮಾಡಿ ನಿಂತಿತ್ತು. ಸೇಠ್ ಇನ್ನೂ ಎದ್ದಿರಲಿಲ್ಲ. ಚಾಚಾ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಸೀಟಿನಲ್ಲಿ ಕೂತಿದ್ದರು. ನಾನು ಪಕ್ಕದ ಬಾಗಿಲು ತೆಗೆದು ಕೂತೆ.

ಅವರು ಗುಂಡಿಯನ್ನು ಅರ್ಧ ಎಳೆದು ಹಿಡಿದರು. ಕಣ್ಣು ನೇರ ಮುಂದೆ, ಗಾಜಿನಾಚೆ ಗೋಡೆಯ ಮೇಲೆ. ತುಟಿ ಅಲ್ಲಾಡುತ್ತಿತ್ತು, ಏನೋ ಪ್ರಾರ್ಥನೆ ಓದಿಕೊಳ್ಳುತ್ತಿದ್ದರು. ಓದುವುದು ಮುಗಿಯಿತು, ಗುಂಡಿ ಪೂರ್ತಿ ಎಳೆದರು. ಸೆಲ್ಫ್ ಗರಗರ ತಿರುಗಿತು, ಹಿಂದೆ ಬಿಳಿ ಹೊಗೆ, ಇಂಜಿನ್ ಏಳಲಿಲ್ಲ. ನಾನು ಜಾಲರಿ ನೋಡಿದೆ. ತಂತಿ ಇನ್ನೂ ಬೂದಿ ಬಣ್ಣದಲ್ಲೇ ಇತ್ತು.

"ಇನ್ನೊಮ್ಮೆ ಮಾಡ್ರಿ" ಎಂದೆ. ಮತ್ತೆ ಅರ್ಧ ಎಳೆದರು, ಮತ್ತೆ ಓದತೊಡಗಿದರು, ಕಣ್ಣು ಮತ್ತೆ ಗೋಡೆಯ ಮೇಲೆ. ಆಗ ನನಗೆ ಒಂದು ಅನುಮಾನ ಬಂತು. ಸದ್ದಾಗದಂತೆ ಕೈ ಚಾಚಿ ಆ ಜಾಲರಿಯ ಮೇಲೆ ನನ್ನ ಅಂಗೈಯನ್ನು ಅಡ್ಡ ಇಟ್ಟೆ, ಒಂದಿಷ್ಟೂ ಬೆಳಕು ಹೊರಗೆ ಬೀಳದಂತೆ.

"ಕೆಂಪಾತೇನ್ರಿ ಚಾಚಾ?"

ಅವರು ತಲೆ ತಗ್ಗಿಸಿ ಜಾಲರಿಯ ಕಡೆ ನೋಡಿದಂತೆ ಮಾಡಿದರು. "ಆತಲ್ಲ. ಛಲೋ ಕೆಂಪಾಗೈತಿ ನೋಡು" ಎಂದರು.

ನಾನು ಕೈ ತೆಗೆಯಲಿಲ್ಲ. ಅವರ ಬೆರಳು ಗುಂಡಿಯನ್ನು ಬಿಟ್ಟು ಮೆಲ್ಲನೆ ಸರಿದು ನನ್ನ ಕೈಯ ಮೇಲೆ ಬಂತು, ಬೆರಳುಗಳನ್ನು ತಡಕಿತು. ಅವರಿಗೆ ತಿಳಿಯಿತು.

"ಕಣ್ಣಾಗ ಕಾಲಾ ಮೋತಿಯಾ ಅಂದ್ರು ಡಾಕ್ಟರು" ಎಂದರು. "ಪೊರಿ ಅಲ್ಲ, ತೆಗ್ಯಾಕ ಬರಂಗಿಲ್ಲ. ಹೋದದ್ದು ಹೋತು, ಇದ್ದದ್ದೂ ಹೋಗತೈತಿ ಅಂದ್ರು. ಮುಂದ ಕಾಣತೈತಿ ತಮ್ಮಾ, ಖರೇನ ಕಾಣತೈತಿ. ಕೆಳಗ, ಬಾಜೂಕ ಕಾಣಂಗಿಲ್ಲ."

"ಚಾಚಿಗೆ ಗೊತ್ತಿತ್ತೇನ್ರಿ?"

"ಆಕಿಗೊಬ್ಬಾಕಿಗೇ ಗೊತ್ತಿತ್ತು. ದಿನಾ ಮುಂಜಾನೆ ಚಾ ತಂದು ಖಿಡಕಿ ಹಂತ್ಯಾಕ ನಿಂದರತಿದ್ದಳು. ಮಂದಿ ನಗತಿದ್ರು, ಮುದುಕಾ ಮುದುಕಿಗೆ ಇನ್ನೂ ಎಷ್ಟು ಅಕ್ಕರತಿ ನೋಡ್ರಿ ಅಂತ. ಆಕಿ ತಂತಿ ನೋಡತಿದ್ದಳು. ಕೆಂಪಾದ ಕೂಡ್ಲೇ, ಹಾಂ ಹೊಡೀರಿ, ಅಂತಿದ್ದಳು. ನಾ ಎಳೀತಿದ್ದೆ. ಆಕಿ ಹೋದ ಮ್ಯಾಲ ದರೂದ್ ಓದಿ ಹೊತ್ತಿನ ಅಂದಾಜ ಮಾಡಾಕತ್ತೆ. ಶಕಿ ಇರೂತನಕಾ ಹೊಂದತಿತ್ತು. ಥಂಡಿ ಬಿತ್ತು, ಅಂದಾಜ ತಪ್ಪಿತು."

ಏನೂ ಬದಲಾಗಿಲ್ಲ ಎಂದಿದ್ದ ಮನುಷ್ಯ! ನಾನು ಆ ಪಂಪು ಬಿಚ್ಚಿದ್ದೇನು, ಪೈಪು ಕಿತ್ತದ್ದೇನು, ನಾಜಲ್ ಉಜ್ಜಿದ್ದೇನು! ನನಗೆ ಮೈಯೆಲ್ಲ ಉರಿಯಿತು. ಉರಿದ ಬೆನ್ನಿಗೇ ಅಳುವೂ ಬಂತು. ಇಂಥ ಹೊತ್ತಿನಲ್ಲಿ ನನಗೆ ಬೈಗುಳ ಬಿಟ್ಟು ಬೇರೆ ಏನೂ ಬರುವುದಿಲ್ಲ.

"ನಿಮಗ ತಲಿ ಐತೇನ್ರಿ ಚಾಚಾ? ನನ್ನ ಹಂತ್ಯಾಕ ಯಾಕ ಮುಚ್ಚಿಟ್ರಿ?"

"ನೀ ಇಂಜಿನ್ ಅಷ್ಟು ಛಲೋ ಮಾಡತೀ, ತಂತಿ ನೋಡೋದ ಬೇಕಾಗಂಗಿಲ್ಲ ಅಂತ ತಿಳಕೊಂಡಿದ್ದೆ" ಎಂದರು. ಆಮೇಲೆ ನನ್ನ ಮೊಣಕೈ ಹಿಡಿದು, "ಒಂದು ಘಂಟಿ ಹಚ್ಚು ತಮ್ಮಾ. ಕೆಂಪಾದ ಕೂಡ್ಲೇ ಟಿಣ್ ಅನ್ನೂಹಂಗ. ನಿನಗ ಅದೇನು ದೊಡ್ಡದು?"

ದೊಡ್ಡದೇನಲ್ಲ. ಅದೇ ನನ್ನ ಸಂಕಟ. ಒಂದು ಮಧ್ಯಾಹ್ನದ ಕೆಲಸ. ಗುಜರಿಯ ರಿಲೇ ಒಂದು, ಸೈಕಲ್ಲಿನ ಗಂಟೆಯಂಥದ್ದೊಂದು. ಗಾಡಿ ದಿನಾ ಬೆಳಿಗ್ಗೆ ಒಂದೇ ಏಟಿಗೆ ಎದ್ದರೆ ಸೇಠ್ ಖುಷಿ, ಮಾಲಿ ಖುಷಿ, ಚಾಚಾನ ಖೋಲಿ ಉಳಿಯುತ್ತದೆ. ಈ ಮನುಷ್ಯನ ಕಣ್ಣಿನ ವಿಷಯ ಹೊರಗೆ ತಂದದ್ದು ಇಂಜಿನ್ನಿನ ಈ ಕೆಮ್ಮೊಂದೇ. ಕೆಮ್ಮು ವಾಸಿ ಮಾಡಿದೆನೆಂದರೆ ಪಕ್ಕದಲ್ಲಿ ಏನೂ ಕಾಣದ ಡ್ರೈವರ್ ದಿನಾ ರಸ್ತೆಗಿಳಿಯುತ್ತಾನೆ, ಯಾರಿಗೂ ಗೊತ್ತಾಗುವುದಿಲ್ಲ. ಸೇಠನ ಮೊಮ್ಮಗಳನ್ನು ಶಾಲೆಗೆ ಬಿಡುವುದೂ ಇದೇ ಗಾಡಿ.

"ಆಗಂಗಿಲ್ಲ ಚಾಚಾ. ಗಾಡಿ ಬಿಟ್ಟುಬಿಡ್ರಿ."

"ನಿನಗ ನಂಬಿಕಿ ಇಲ್ಲ. ಕೂಡು, ಆರೆ ಕಾಲನಿ ತನಕಾ ಹೋಗಿ ಬರೂಣು. ಈ ರಸ್ತಾ ನನಗ ಕೈಯಾಗಿನ ಗೆರಿ ಇದ್ಹಾಂಗ. ನೋಡಿ ಆಮ್ಯಾಲ ಹೇಳು."

ನಾನು ಬೇಡವೆನ್ನಬೇಕಿತ್ತೋ ಏನೋ. ಆದರೆ ಅವರ ದನಿಯಲ್ಲಿ ಬೇಡಿಕೆ ಇರಲಿಲ್ಲ, ಹಟವಿತ್ತು. ನಾನೂ ಹಟದವನೇ. ತಂತಿಯನ್ನು ನಾನು ನೋಡಿ "ಹೊಡೀರಿ" ಎಂದೆ. ಇಂಜಿನ್ ಒಂದೇ ಏಟಿಗೆ ಎದ್ದಿತು. ಚಾಚಾ ಗೇರು ಹಾಕಿದರು.

ಓಡಿಸಿದ್ದು ಚೆನ್ನಾಗಿಯೇ. ಅದು ಹೇಳಲೇಬೇಕು. ಗೇಟಿನಿಂದ ಹೊರಬಿದ್ದದ್ದು, ಹೆದ್ದಾರಿ ದಾಟಿದ್ದು, ಆರೆ ಹಾಲಿನ ಕಾಲನಿಯ ಮರಗಳ ನಡುವಿನ ರಸ್ತೆಗೆ ಇಳಿದದ್ದು, ಒಂದೂ ತಪ್ಪಲಿಲ್ಲ. ಎದುರಿನಿಂದ ಬಂದ ಲಾರಿಗೆ ದಾರಿ ಬಿಟ್ಟರು. ಎಮ್ಮೆಗಳ ಹಿಂಡು ಕಂಡು ನಿಧಾನ ಮಾಡಿದರು. ನೋಡಿದೆಯಾ ಎಂಬಂತೆ ನಕ್ಕರು. ನನಗೂ ಒಂದು ಗಳಿಗೆ, ಘಂಟಿ ಹಚ್ಚಿಯೇಬಿಡಲೇ ಎನಿಸಿತು.

ತಿರುವಿನಲ್ಲಿ ಎಡಗಡೆಯ ಕಾಲುದಾರಿಯಿಂದ ಒಂದು ಹುಡುಗಿ ರಸ್ತೆಗಿಳಿದಳು. ಕೈಯಲ್ಲಿ ತಂತಿಯ ಬುಟ್ಟಿ, ಅದರಲ್ಲಿ ಹಾಲಿನ ಖಾಲಿ ಬಾಟಲಿಗಳು. ನನಗೆ ದೂರದಿಂದಲೇ ಕಂಡಳು. ಚಾಚಾ ಬ್ರೇಕಿನ ಮೇಲೆ ಕಾಲಿಡುತ್ತಾರೆಂದು ಕಾದೆ. ಇಡಲಿಲ್ಲ. ಅವರ ಮುಖದಲ್ಲಿ ಇನ್ನೂ ಆ ನಗೆಯೇ ಇತ್ತು. "ಚಾಚಾ!" ಎಂದು ಕಿರುಚಿ ಸ್ಟೇರಿಂಗ್ ಹಿಡಿದು ಬಲಕ್ಕೆ ಎಳೆದುಬಿಟ್ಟೆ. ಗಾಡಿ ರಸ್ತೆ ದಾಟಿ, ಅಂಚಿನ ಕಲ್ಲಿಗೆ ಬಡಿದು ನಿಂತಿತು. ಹಿಂದೆ ಬಾಟಲಿ ಒಡೆದ ಸದ್ದಾಯಿತು.

ಇಳಿದು ಓಡಿದೆ. ಹುಡುಗಿಗೆ ಏನೂ ಆಗಿರಲಿಲ್ಲ. ಬುಟ್ಟಿ ಕೈಬಿಟ್ಟು ನಿಂತಿದ್ದಳು. ನನ್ನನ್ನು ನೋಡಿದ್ದೇ ಬುಟ್ಟಿ ಎತ್ತಿಕೊಂಡು ಕಾಲುದಾರಿಯಲ್ಲಿ ಓಡಿಹೋದಳು.

ತಿರುಗಿ ಬಂದಾಗ ಚಾಚಾ ಗಾಡಿಯಿಂದಿಳಿದು ಮಡ್‌ಗಾರ್ಡನ್ನು ಸವರುತ್ತಿದ್ದರು. "ಯಾಕ ಎಳದಿ? ಕಲ್ಲಿತ್ತೇನು? ನಾಯಿ ಅಡ್ಡ ಬಂತೇನು?" ಎಂದರು.

ಅವರಿಗೆ ಏನು ಅಡ್ಡ ಬಂತೆಂಬುದೂ ಗೊತ್ತಿರಲಿಲ್ಲ.

"ಹುಡುಗಿ ರೀ!" ಎಂದು ಒದರಿದೆ. "ಸಣ್ಣ ಹುಡುಗಿ! ಒಂದ್ ಕೂದಲೆಳಿ ಅಂತರದಾಗ ಉಳದಳು. ನಿಮಗ ಕಾಣಲೇ ಇಲ್ಲಲ್ರಿ ಚಾಚಾ!"

ಅವರು ಕಾಲುದಾರಿಯತ್ತ ಮುಖ ಮಾಡಿದರು, ಅತ್ತ ಇತ್ತ ತಲೆಯಾಡಿಸಿ ಹುಡುಕಿದರು. ಅಲ್ಲಿ ಯಾರೂ ಇರಲಿಲ್ಲ. ಬಂದು ನಾನು ಕೂತಿದ್ದ ಕಡೆಯ ಸೀಟಿನಲ್ಲಿ ಕೂತರು. ನಾನು ಗಾಡಿ ಓಡಿಸಿಕೊಂಡು ಬಂದೆ.

ಬಂಗಲೆಯ ಗೇಟಿನಲ್ಲಿ ಸೇಠ್ ನಿಂತಿದ್ದ. ಗಾಡಿ ಓಡುತ್ತಿದ್ದುದನ್ನು ಕಂಡು ಮುಖ ಅರಳಿತ್ತು. "ಕ್ಯಾ ಮಿಸ್ತ್ರಿ, ಬೀಮಾರಿ ಮಿಲ್ ಗಯೀ?" ಎಂದ. ರೋಗ ಸಿಕ್ಕಿತೇ ಎಂದು.

ಚಾಚಾ ಇಳಿದು ನನ್ನ ಹಿಂದೆ ಬಂದು ಅಂಗಿಯ ಹಿಂಭಾಗ ಹಿಡಿದರು. ಸೇಠನಿಗೆ ಕಾಣದಂತೆ, ಮಗು ಸಂತೆಯಲ್ಲಿ ಹಿಡಿದುಕೊಳ್ಳುವ ಹಾಗೆ. "ಹೇಳಬ್ಯಾಡ ತಮ್ಮಾ" ಎಂದರು ಕನ್ನಡದಲ್ಲಿ, ತೀರ ಸಣ್ಣ ದನಿಯಲ್ಲಿ. "ನಾಳಿಂದ ಸಾವಕಾಶ ಹೊಡೀತೀನಿ. ಹೇಳಬ್ಯಾಡ."

ಹೇಳಿದೆ. ಎಲ್ಲವನ್ನೂ ಹೇಳಿದೆ, ತಂತಿ, ಕಣ್ಣು, ಆರೆಯ ತಿರುವು. ಹೇಳುತ್ತಿದ್ದಂತೆ ಬೆನ್ನಿನ ಮೇಲಿನ ಆ ಹಿಡಿತ ಸಡಿಲವಾಯಿತು. ತಪ್ಪು ಮಾಡಿದೆನೆಂದು ಅಂದೂ ಅನಿಸಲಿಲ್ಲ, ಇಂದೂ ಅನಿಸುವುದಿಲ್ಲ. ಮತ್ತೆ ಅದೇ ಗೇಟಿನಲ್ಲಿ ನಿಲ್ಲಿಸಿದರೆ ಮತ್ತೆ ಹೇಳುತ್ತೇನೆ. ಆದರೆ ಸರಿಯಾದದ್ದನ್ನು ಮಾಡಿದರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರಲ್ಲ, ಹಾಗೆನ್ನುವವರು ನನ್ನ ಎದುರಿಗೆ ಬರಲಿ.

ಸೇಠ್ ಕಿರುಚಾಡಲಿಲ್ಲ. ಮೆಟ್ಟಿಲ ಮೇಲೆ ಕುಸಿದು ಕೂತ. "ಎಷ್ಟು ದಿನದಿಂದ?" ಎಂದು ಹಿಂದಿಯಲ್ಲಿ ಕೇಳಿದ. ಚಾಚಾ "ವರ್ಷದ ಮೇಲಾಯಿತು ಸಾಬ್" ಎಂದರು. ಸೇಠನ ಕಣ್ಣು ಗಾಡಿಯ ಹಿಂದಿನ ಸೀಟಿನ ಮೇಲೆ ಹೋಯಿತು. ಅಲ್ಲಿ ಮೊಮ್ಮಗಳ ನೀರಿನ ಬಾಟಲಿಯೊಂದು ಬಿದ್ದಿತ್ತು. ಅವನು ಎದ್ದು, ಕೀಲಿ ತೆಗೆದುಕೊಂಡು, ಒಳಗೆ ಹೋದ. ಖೋಲಿ ಖಾಲಿ ಮಾಡುವ ಮಾತನ್ನು ಆಮೇಲೆ ವಾಚ್‌ಮ್ಯಾನ್ ಕೈಲಿ ಹೇಳಿಸಿದ.

ಹೊಸ ಡ್ರೈವರಿಗೆ ತಂತಿ ತೋರಿಸಿಕೊಡಲು ನನ್ನನ್ನೇ ಕರೆಸಿದರು. ಹೋದೆ. ಚಾಚಾ ಅಂದೇ ಖೋಲಿಯಿಂದ ಟ್ರಂಕು ಹೊರಗಿಡುತ್ತಿದ್ದರು. "ನನ್ನ ಖೋಲಿಗೆ ಬರ್ರಿ, ಇರೂದ್ರಾಗ ಇರೂಣು" ಎಂದೆ. ನನ್ನತ್ತ ತಿರುಗಲಿಲ್ಲ. "ಯಾರ ಮನಿಗರೆ ಹೋಗತೀನಿ, ನಿನ್ನ ಮನಿಗೆ ಬರಂಗಿಲ್ಲ" ಎಂದರು. ಗೂಟದಿಂದ ಚಾಚಿಯ ಸೀರೆ ಇಳಿಸಿ, ಕೈಯಿಂದ ತಡವಿ ತಡವಿ ಮಡಿಚುತ್ತಿದ್ದರು.

ಆಮೇಲೆ ಅವರ ಸುದ್ದಿ ಇರಲಿಲ್ಲ. ಮಸೀದಿಯಲ್ಲಿ, ದರ್ಗಾದಲ್ಲಿ, ನಮ್ಮ ಕಡೆಯವರು ಸೇರುವ ಖಾನಾವಳಿಯಲ್ಲಿ ಕೇಳಿದೆ. ಒಬ್ಬರು ಕಂಡೆವೆಂದರು, ಇನ್ನೊಬ್ಬರು ಊರಿಗೆ ಹೋದರೆಂದರು.

ಒಂದೆರಡು ಮಳೆಗಾಲ ಕಳೆದ ಮೇಲೆ, ಹಳೆಯ ನಾಜಲ್ ಪೈಪೊಂದು ಬೇಕಾಗಿ ಧಾರಾವಿಯ ಒಳಗಲ್ಲಿಯ ಗುಜರಿ ಅಂಗಡಿಗೆ ಹೋಗಿದ್ದೆ. ಅಲ್ಲಿ ಗೋಣಿಯ ಮೇಲೆ ಒಬ್ಬ ಮುದುಕರು ಕೂತು ನಟ್ಟು ಬೋಲ್ಟುಗಳನ್ನು ಬೆರಳಲ್ಲಿ ಅಳೆದು ಬೇರೆ ಬೇರೆ ಡಬ್ಬಿಗೆ ಹಾಕುತ್ತಿದ್ದರು. ಕಣ್ಣು ಎಲ್ಲಿಯೂ ನಿಂತಿರಲಿಲ್ಲ. ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತು "ಚಾಚಾ" ಎಂದೆ.

ಕೈ ನಿಂತಿತು. ದನಿ ಗುರುತು ಸಿಕ್ಕಿತ್ತು.

"ನಿನ್ನ ಮ್ಯಾಲಿನ ಸಿಟ್ಟು ಹೋಗಿಲ್ಲ" ಎಂದರು. "ಹೋಗೂದೂ ಇಲ್ಲ. ಸುಳ್ಳ ಹೇಳಂಗಿಲ್ಲ ನಾ."

"ಆತ್ರಿ" ಎಂದೆ.

ಅವರು ಕೈಯಲ್ಲಿದ್ದ ಬೋಲ್ಟನ್ನು ತಿರುಗಿಸತೊಡಗಿದರು. ಎದುರಿನ ಕುಲುಮೆಯಲ್ಲಿ ಯಾರೋ ತಗಡು ಬಡಿಯುತ್ತಿದ್ದರು. ಬಡಿಯುವುದು ನಿಂತಾಗ ಕೇಳಿದರು, "ಆ ಹುಡುಗಿ ಎಷ್ಟು ದೊಡ್ಡಾಕಿ ಇದ್ದಳು?"

ಯಾವ ಹುಡುಗಿ ಎಂದು ನಾನು ಕೇಳಲಿಲ್ಲ. "ಇಷ್ಟ ಇದ್ದಳ್ರಿ" ಎಂದು ಕೈ ಎತ್ತಿ ತೋರಿಸಿದೆ. ತೋರಿಸಿದ ಮೇಲೆ ಅವರಿಗೆ ಕಾಣುವುದಿಲ್ಲವೆಂದು ಹೊಳೆಯಿತು. ಅವರ ಕೈ ಹಿಡಿದು, ನೆಲದಿಂದ ಅಷ್ಟೆತ್ತರಕ್ಕೆ ತಂದು ನಿಲ್ಲಿಸಿದೆ. ಕೂತವರ ಭುಜದ ಮಟ್ಟಕ್ಕೆ ಬಂತು.

"ಇಷ್ಟೇನ?"

"ಇಷ್ಟರಿ."

ನಾನು ಕೈ ಬಿಟ್ಟೆ. ಅವರು ತಮ್ಮ ಕೈಯನ್ನು ಇಳಿಸಲಿಲ್ಲ. ಅಂಗೈ ಕೆಳಗೆ ಮಾಡಿ, ಬೆರಳು ಸ್ವಲ್ಪ ಅಗಲಿಸಿ, ಹಾಗೇ ಹಿಡಿದುಕೊಂಡು ಕೂತಿದ್ದರು. ಅಂಗಡಿಯವನು ಕೆಲಸ ನಿಂತಿತೆಂದು ಒಳಗಿನಿಂದ ಕೂಗಿದರೂ ಇಳಿಸಲಿಲ್ಲ.